ಬೆರಗುಮಾಪಕ ಮತ್ತು ಹುಲಿಕಟ್ಟಿ ಗುಡ್ಡ

ಬೆರಗುಮಾಪಕವೆಂದರೆ ಹಣೆಗೆ ಕಟ್ಟುವ ತೆಳುವಾದ ಪಟ್ಟಿ. ಕಣ್ಣೆದುರಿನ ನೋಟಕ್ಕೆ ಮನಸ್ಸು ಮಿಡಿದರೆ, ಮಿದುಳಿನ ವಿದ್ಯುತ್ ಸಂಕೇತಗಳನ್ನು ಗ್ರಹಿಸಿ ಅದರ ಮೇಲಿನ ದೀಪ ಹಸಿರಾಗಿ ಹೊತ್ತಿಕೊಳ್ಳುತ್ತದೆ. ಆ ಬೆಳಗ್ಗೆ ಗದಗ ಸೀಮೆಯ ಹುಲಿಕಟ್ಟಿ ಗುಡ್ಡದ ನೆತ್ತಿಯಲ್ಲಿ ಊರಿನ ಹತ್ತಾರು ಜನ ಈ ಪಟ್ಟಿ ಕಟ್ಟಿಕೊಂಡು ಕುಳಿತಿದ್ದರು. ಒಬ್ಬರ ಹಣೆಯಲ್ಲೂ ದೀಪ ಹೊತ್ತಿರಲಿಲ್ಲ.

ಪರಿಸರ ಇಲಾಖೆಯ ಅನ್ನಪೂರ್ಣಾ ಹೊಸಕೇರಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಸ್ಥಳೀಯರ ಮನಸ್ಸೇ ಮಿಡಿಯದ ಗುಡ್ಡವನ್ನು ಗಣಿಗೆ ಬಿಟ್ಟುಕೊಡಬಹುದೆಂದು ಹೊಸ ಕಾನೂನು ಹೇಳುತ್ತಿತ್ತು. ಪರೀಕ್ಷೆಗೆ ಕುಳಿತವರಿಗೆ ಮಾತ್ರ ಇದನ್ನು ತಿಳಿಸುವಂತಿರಲಿಲ್ಲ.

"ಬಸಲಿಂಗವ್ವ, ಅಲ್ಲಿ ನೋಡ್ರಿ, ಕಣಿವ್ಯಾಗ ಮಂಜು ಹೆಂಗ ಕರಗಾಕತ್ತೈತಿ!" ಎಂದು ಅನ್ನಪೂರ್ಣಾ ಬೊಟ್ಟು ಮಾಡಿದಳು.

"ದಿನಾ ಕರಗತೈತೆವ್ವ." ಮುದುಕಿ ಆಕಳಿಸಿದಳು. "ಚಾ ಯಾವಾಗ ಕೊಡ್ತೀರಿ?"

ಇಳಿಜಾರಿನ ತುಂಬ ತಂಗಡಿ ಹೂ ಹಳದಿಯಾಗಿ ಅರಳಿ ನಿಂತಿತ್ತು. ಅದನ್ನು ತೋರಿಸಹೋದರೆ ಪಕ್ಕದಲ್ಲಿ ಕುಳಿತಿದ್ದ ಮೈಲಾರಪ್ಪ ಫೋನಿನಿಂದ ತಲೆಯನ್ನೇ ಎತ್ತಲಿಲ್ಲ. "ಇಲ್ಲಿ ಸಿಗ್ನಲ್ ಭಾಳ ಚಲೋ ಬರತೈತ್ರಿ ಮೇಡಂ!"

ಅನ್ನಪೂರ್ಣಾ ಯಂತ್ರದ ವಿಜ್ಞಾನಿ ಡಾ. ಜಯತೀರ್ಥರತ್ತ ತಿರುಗಿದಳು. "ಇವರಿಗೆ ಕಣ್ಣೇ ಇಲ್ಲವೇ?"

"ತಪ್ಪು ಅವರದಲ್ಲ. ದಿನವೂ ಕಾಣುವುದನ್ನು ಮಿದುಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಾವಿದನ್ನು ರೂಢಿಗುರುಡು ಎನ್ನುತ್ತೇವೆ."

"ಅಂದರೆ ನಿಮ್ಮ ಯಂತ್ರ ಅಳೆಯುವುದು ಚೆಲುವನ್ನಲ್ಲ, ಹೊಸತನವನ್ನು!"

"ಕಾನೂನು ಮಾಡಿದವನು ನಾನಲ್ಲವಲ್ಲ," ಎಂದು ಅವರು ಗಡಿಯಾರ ನೋಡಿಕೊಂಡರು.

ಅಷ್ಟರಲ್ಲಿ ಯಾರೋ ಮತ್ತೆ ಚಹಾ ಕೇಳಿದರು. ಅನ್ನಪೂರ್ಣಾಳ ಸಹನೆಯ ಕಟ್ಟೆಯೊಡೆಯಿತು. "ಚಾ ಕುಡ್ಕೋತ ಕೂಡ್ರಿ! ನಿಮ್ಮ ದೀಪ ಹತ್ತಲಿಲ್ಲಂದ್ರ ಬರೋ ವರ್ಷ ಈ ಗುಡ್ಡಾನ ಇರಂಗಿಲ್ಲ. ಬುಡಸಮೇತ ಒಡೀತಾರ!"

"ಮೇಡಂ!" ಎಂದು ಜಯತೀರ್ಥರು ಕೂಗಿದರು. ಮಾತು ಬಾಯಿ ದಾಟಿಬಿಟ್ಟಿತ್ತು.

ಬಸಲಿಂಗವ್ವ ಮೊಣಕಾಲು ಹಿಡಿದುಕೊಂಡು ಎದ್ದು ಬಂಡೆಯ ಅಂಚಿಗೆ ಹೋಗಿ ನಿಂತಳು. ಕಣಿವೆಯನ್ನು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ನೋಡಿದಳು. ಅವಳ ಹಣೆಯ ದೀಪ ಹಸಿರಾಯಿತು. ಮೈಲಾರಪ್ಪ ಫೋನನ್ನು ಜೇಬಿಗಿಳಿಸಿದ. ಒಂದೊಂದೇ ದೀಪ ಹೊತ್ತಿಕೊಳ್ಳತೊಡಗಿತು. ಇಬ್ಬರು ಹೆಂಗಸರು ಸುದ್ದಿ ಮುಟ್ಟಿಸಲು ಆಗಲೇ ಊರಿನತ್ತ ಇಳಿದೋಡುತ್ತಿದ್ದರು.

"ಎಲ್ಲ ಹಾಳಾಯಿತು!" ಜಯತೀರ್ಥರು ಸಿಡುಕಿದರು. "ವಿಷಯ ತಿಳಿದವರ ಬೆರಗು ಲೆಕ್ಕಕ್ಕಿಲ್ಲ. ನಾಳೆ ಊರಿನ ಬೇರೆಯವರನ್ನು ಕರೆತನ್ನಿ."

"ಬೇರೆಯವರೆಂದರೆ ಯಾರನ್ನು?" ಅನ್ನಪೂರ್ಣಾ ಕೆಳಗೆ ಓಡುತ್ತಿದ್ದವರನ್ನು ತೋರಿಸಿದಳು. "ಸಂಜೆಯೊಳಗೆ ವಿಷಯ ತಿಳಿಯದ ಒಬ್ಬರಾದರೂ ಈ ಊರಲ್ಲಿ ಉಳಿಯುತ್ತಾರೆಯೇ?"

ಹುಲಿಕಟ್ಟಿಯಲ್ಲಿ ಇನ್ನು ಪರೀಕ್ಷೆ ನಡೆಸುವಂತಿರಲಿಲ್ಲ. ಪರೀಕ್ಷೆಯಾಗದೆ ಗುಡ್ಡವನ್ನು ಮುಟ್ಟುವಂತೆಯೂ ಇರಲಿಲ್ಲ. ಕಾನೂನು ಬರೆದವರಿಗೆ ಇದು ಹೊಳೆದೇ ಇರಲಿಲ್ಲ.

ಬಿಸಿಲು ಏರಿತು. ಕೆಳಗೆ ವಾಹನದವನು ಹಾರ್ನ್ ಬಾರಿಸಿ ಬಾರಿಸಿ ಸುಸ್ತಾದ. "ಏಳ್ರಿ, ಮುಗೀತು, ಹೊರಡೋಣ," ಎಂದು ಅನ್ನಪೂರ್ಣಾ ಗಂಟಲು ಹರಿಯುವಂತೆ ಕೂಗಿದರೂ ಒಬ್ಬರೂ ಅಲುಗಲಿಲ್ಲ.

ಬಸಲಿಂಗವ್ವ ತಿರುಗಿಯೂ ನೋಡದೆ ಗದರಿದಳು: "ತಡಿಯವ್ವ ತಂಗಿ, ನೋಡಾಕ ಬಿಡು."