ಅಣ್ಣನ ಟೆಂಟು

ಪವಿತ್ರ ಬೆಟ್ಟಕ್ಕೆ ಹೊರಟ ಹನ್ನೆರಡು ಜನರ ಟೆಂಟುಗಳನ್ನೆಲ್ಲ ಹೊಲಿದವನು ನಾನು. ಮೂರು ಸಲ ಆ ಬೆಟ್ಟ ಹತ್ತಿದವನೂ ನಾನೇ. ಮುಂದಾಳು ಮಾತ್ರ ಅಣ್ಣ, ಏಕೆಂದರೆ ಅವನು ಕಾಲೇಜು ಓದಿದವನು, ನಾನು ಏಳನೇ ಕ್ಲಾಸಿಗೇ ಬಿಟ್ಟವನು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ?

ಹೊರಡುವ ಹಿಂದಿನ ದಿನ ಮಧ್ಯಾಹ್ನ ನಮ್ಮ ಟಾರ್ಪಾಲಿನ್ ಅಂಗಡಿಯ ಅಂಗಳದಲ್ಲಿ ಟೆಂಟುಗಳನ್ನು ಹಾಕಿ ನೋಡಿದೆವು. ಯಾರಿಗೂ ಕಾಣದಂತೆ ಮುಂದಾಳಿನ ಟೆಂಟಿನೊಳಗೆ ಹೋಗಿ ಮಲಗಿದೆ. ಹೊರಗೆ ಸುಡುಬಿಸಿಲು, ಒಳಗೆ ನೆಲ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಬೆನ್ನ ಹಿಂದೆ ಯಾರೋ ನಿಧಾನವಾಗಿ ಉಸಿರಾಡುತ್ತಿದ್ದರು. ತಿರುಗಿದರೆ ಯಾರೂ ಇಲ್ಲ. ಉಸಿರು ಮಾತ್ರ ನಿಲ್ಲಲಿಲ್ಲ.

ಎದ್ದು ಹೊರಗೆ ಓಡಿದೆ. ಅಣ್ಣನಿಗೆ ಹೇಳಬೇಕಿತ್ತು. ಮುಂದಾಳು ತಾನೇ, ಅನುಭವಿಸಲಿ ಎಂದು ಸುಮ್ಮನಾದೆ.

ಸಂಜೆ ಹೊರೆ ಹಂಚಲು ಎಲ್ಲ ಗಂಟುಗಳನ್ನೂ ತೂಗಿದೆವು. ಆ ಟೆಂಟು ನಾಲ್ಕು ಕೆಜಿ ಇರಬೇಕಿತ್ತು. ತೂಕದ ಯಂತ್ರದ ಮೇಲೆ ಅದನ್ನು ಎಳೆದು ಹಾಕುವಷ್ಟರಲ್ಲಿ ನನ್ನ ಸೊಂಟ ಮುರಿದಂತಾಯಿತು. ಮುಳ್ಳು ಅರವತ್ತೆರಡಕ್ಕೆ ಹೋಗಿ ನಿಂತಿತು, ಅದನ್ನು ನೋಡಿದವನು ನಾನೊಬ್ಬನೇ.

"ಇಷ್ಟೂ ಎತ್ತಕ್ಕಾಗಲ್ವೇನೋ? ಇವನು ಮುಂದಾಳಾಗ್ಬೇಕಂತೆ ನೋಡ್ರಪ್ಪಾ!" ಎಂದ ಅಣ್ಣ. ಎಲ್ಲರೂ ನಕ್ಕರು. ಅವನು ಒಂದೇ ಕೈಯಲ್ಲಿ ಅದನ್ನೆತ್ತಿ ಹೆಗಲಿಗೆ ಹಾಕಿಕೊಂಡು ಬೀದಿಗಿಳಿದ.

ನಾನು ಬಾಗಿಲು ಹಾಕುವವರೆಗೂ ಆ ಖಾಲಿ ಯಂತ್ರದ ಮುಳ್ಳು ಅರವತ್ತೆರಡರಲ್ಲೇ ಇತ್ತು.