ಸೆಲ್ ತೆಗೆಯದ ಕ್ಯಾಸೆಟ್

“ಅದೊಂದು ಬೇಡ ಸಾರ್. ನಿಮ್ಮ ಕಾಲಿಗೆ ಬೀಳ್ತೀನಿ,” ಎಂದ ಹಳೆಯ ವಿಡಿಯೋ ಗೇಮುಗಳ ಅಂಗಡಿಯವನು.

ಬೇಡ ಎಂದದ್ದನ್ನೇ ಮಾಡುವುದು ವಕೀಲನ ಹುಟ್ಟುಗುಣ. ಈ ಊರಿಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ, ಅಷ್ಟರಲ್ಲೇ ಗ್ರಾಹಕರ ಹಕ್ಕು ಎಂದು ಬೀದಿಯ ಅರ್ಧದಷ್ಟು ಅಂಗಡಿಯವರ ಜೊತೆ ಜಗಳವಾಡಿದ್ದ. ಅವನು ಹಿಡಿದ ಮೊಲಕ್ಕೆ ಮೂರೇ ಕಾಲು. ಇವತ್ತು ಹಳದಿ ಫ್ರಾಕಿನ ಮಗಳ ಕೈಹಿಡಿದು ಒಳಗೆ ಬಂದವನೇ ‘ಮಾರಿದ ಸರಕನ್ನು ವಾಪಸ್ ಪಡೆಯುವುದಿಲ್ಲ’ ಎಂಬ ಬೋರ್ಡು ನೋಡಿ, ಅದು ಕಾನೂನಿಗೆ ವಿರುದ್ಧವೆಂದು ದಬಾಯಿಸಿ, ಗೋಡೆಯಿಂದ ಇಳಿಸಿ ಹಾಕಿಸಿದ್ದ. ಆಮೇಲೆ ಮಗಳು ಮೇಲಿನ ಕಪಾಟಿನತ್ತ ಬೆರಳು ತೋರಿಸಿದಳು. ಅಲ್ಲಿ ಬೂದು ಬಣ್ಣದ ಒಂದು ಗೇಮ್ ಕ್ಯಾಸೆಟ್ ಒಂಟಿಯಾಗಿತ್ತು. ಅದಕ್ಕೆ ಯಾರದೋ ಉದ್ದನೆಯ ತಲೆಗೂದಲು ಸುತ್ತಿ ಗಂಟು ಹಾಕಿತ್ತು.

“ಇದರೊಳಗೆ ಒಂದು ಪುಟ್ಟ ಸೆಲ್ ಇರುತ್ತೆ ಸಾರ್. ಆಡಿದೋರ ಆಟ ಉಳಿಯೋದು ಅದರ ದಮ್ಮಲ್ಲೇ. ಮಾರೋಕೆ ಮುಂಚೆ ಹಳೇ ಸೆಲ್ ಕಿತ್ತು ಹೊಸದು ಹಾಕ್ತೀವಿ, ಹಳಬರ ಆಟ ಅಳಿಸಿಹೋಗುತ್ತೆ. ಇದರದ್ದು ಕೀಳೋಕೆ ಹೋಗಿ, ನೋಡಿ.” ಅವನ ಎರಡು ಬೆರಳ ತುದಿ ಇದ್ದಿಲಾಗಿತ್ತು. “ಒಬ್ಬ ತಾಯಿ ಮಾರಿ ಹೋದ್ರು. ಸತ್ತ ಮಗ ಆಡ್ತಿದ್ದದ್ದು. ಆ ಕೂದಲು ಸುತ್ತಿ ಮಾಟ ಮಾಡ್ಸಿದಾರೆ. ಎಸೆದ್ರೂ ಮತ್ತೆ ಕಪಾಟಿಗೇ ಬಂದು ಕೂರುತ್ತೆ. ಆಡೋ ಮಗು ಸಿಕ್ತಾ ಅಂತ ಆಯಮ್ಮ ದಿನಾ ಬಂದು ಕೇಳ್ತಾರೆ.”

ವಕೀಲ ಹೊಟ್ಟೆ ಹಿಡಿದುಕೊಂಡು ನಕ್ಕ. “ಅವರು ಮಾರಿದ್ರು, ನೀನು ಕೊಂಡೆ, ಅಲ್ಲಿಗೆ ಅವರ ಹಕ್ಕು ಮುಗೀತು. ಅಂಗಡೀಲಿಟ್ಟು ಮಾರಲ್ಲ ಅನ್ನೋ ಹಕ್ಕು ನಿನಗೂ ಇಲ್ಲ. ದೆವ್ವಕ್ಕೆ ತಕರಾರಿದ್ರೆ ನನಗೊಂದು ನೋಟಿಸ್ ಕಳಿಸ್ಲಿ!”

ಕೂದಲನ್ನು ಅವನೇ ಫಟ್ಟನೆ ಹರಿದ. ಸುಟ್ಟ ಕೂದಲ ಕಮಟು ಮೂಗಿಗಡರಿತು. ಹೊರಗೆ ಯಾರೋ ಕಸ ಸುಡುತ್ತಿರಬೇಕೆಂದುಕೊಂಡು, ದುಡ್ಡು ಕೊಟ್ಟು ಕ್ಯಾಸೆಟ್ಟನ್ನು ಮಗಳ ಕೈಗಿತ್ತ.

ಹೆಂಡತಿ ತೀರಿಕೊಂಡ ಮೇಲೆ ಅವನಿಗೆಂದು ಇದ್ದವಳು ಈ ಮಗಳೊಬ್ಬಳೇ. ಅವಳು ಆಡುವಾಗ ಹಿಮ್ಮಡಿಯಿಂದ ಕುರ್ಚಿಯ ಕಾಲಿಗೆ ಟಕ್ ಟಕ್ ಎಂದು ಒದೆಯುತ್ತಿರುತ್ತಾಳೆ. ಆ ಸಂಜೆ ಪಕ್ಕದ ಕೋಣೆಯಲ್ಲಿ ಕಾಗದಪತ್ರ ನೋಡುತ್ತಿದ್ದ ವಕೀಲನಿಗೆ ಆ ಸದ್ದೇ ಜೊತೆ. ಬೆಳಕು ಇಳಿಯುತ್ತಿತ್ತು. ಕಮಟು ಮನೆಯೊಳಗೂ ಬಂದಿತ್ತು, ಗಂಟಲಲ್ಲಿ ಕೂತು ಕೆರೆಯುತ್ತಿತ್ತು.

ಟಕ್ ಟಕ್ ನಿಂತಿತು.

“ಪುಟ್ಟೀ?”

ಎದ್ದು ಬಂದ. ಹಜಾರ ಕತ್ತಲಾಗಿತ್ತು. ಟಿವಿಯ ನೀಲಿ ಬೆಳಕಿನಲ್ಲಿ ಮಗಳು ಬೆನ್ನು ಸೆಟೆಸಿ ಕೂತಿದ್ದಳು. ತಿರುಗಿದಳು. ಕಣ್ಣು ಅವಳದೇ. ನೋಟ ಅವಳದಲ್ಲ.

“ಅಂಕಲ್, ನಮ್ಮಮ್ಮ ಎಲ್ಲಿ?”

ಆಗ ಕೇಳಿಸಿತು. ಟಕ್ ಟಕ್. ಕುರ್ಚಿಯಿಂದಲ್ಲ. ಟಿವಿಯೊಳಗಿಂದ. ಪರದೆಯ ಮೂಲೆಯಲ್ಲಿ ಹಳದಿ ಫ್ರಾಕಿನ ಹೆಬ್ಬೆರಳಷ್ಟು ಹುಡುಗಿ. ಹಿಮ್ಮಡಿಯಿಂದ ಗಾಜನ್ನು ಒದೆಯುತ್ತಿದ್ದಳು. ಅವಳ ಬಾಯಿ ತೆರೆಯುತ್ತಿತ್ತು. ಮುಚ್ಚುತ್ತಿತ್ತು. ಅಪ್ಪಾ. ಅಪ್ಪಾ. ಅವನು ಪರದೆಗೆ ಕೈ ಒತ್ತಿದ. ಗಾಜು ತಣ್ಣಗಿತ್ತು.

ಬಾಗಿಲು ಬಡಿದ ಸದ್ದು. ಚಿಲಕ ಹಾಕಿದ್ದ ಬಾಗಿಲು ತಾನೇ ತೆರೆಯಿತು. ಹೊಸ್ತಿಲಾಚೆ ಒಬ್ಬ ಹೆಂಗಸು. ತಲೆಯಲ್ಲಿ ಒಂದು ಎಳೆ ಕೂದಲಿಲ್ಲ.

“ಅಮ್ಮಾ!” ಮಗಳ ಮೈ ಎದ್ದು ಓಡಿತು. ಅವನು ರಟ್ಟೆ ಹಿಡಿದ. ಹಿಡಿದ ಬೆರಳು ಒಂದೊಂದಾಗಿ ಮರಗಟ್ಟಿ ಬಿಚ್ಚಿಕೊಂಡವು. ಕಾಲು ಏಳಲಿಲ್ಲ. ಕೂಗಲು ದನಿಯಿಲ್ಲ.

“ಕ್ಯಾಸೆಟ್ ನೀವೇ ಇಟ್ಕೊಳಿ, ಕೊಂಡಿದೀರಲ್ಲ,” ಎಂದಳು ಹೆಂಗಸು ಮೆಲ್ಲಗೆ, ಮಗುವಿನ ಫ್ರಾಕು ಸರಿಮಾಡುತ್ತ. “ನನ್ನ ಮಗನ್ನ ಮಾತ್ರ ನಾನು ಮಾರಿರ್ಲಿಲ್ಲ.”

ಕಾಲಿಗೆ ಜೀವ ಬರುವಷ್ಟರಲ್ಲಿ ಬೀದಿ ಖಾಲಿಯಾಗಿತ್ತು. ಅವನು ಕ್ಯಾಸೆಟ್ಟನ್ನು ಎದೆಗವಚಿಕೊಂಡು ಅಂಗಡಿಗೆ ಓಡಿದ. ಅಂಗಡಿಯವನು ಅದರ ಬೆನ್ನು ಬಿಚ್ಚಿದ. ಈ ಸಲ ಬೆರಳು ಸುಡಲಿಲ್ಲ. ಸೆಲ್ಲಿನ ದಮ್ಮು ಅಳೆಯುವ ಮೀಟರು ಹಿಡಿದ, ಅದರ ಮುಳ್ಳು ಒಂದಿಷ್ಟು ಎದ್ದು ಮಲಗಿತು.

“ಸೆಲ್ ಮುಗೀತಾ ಬಂದಿದೆ ಸಾರ್.”

“ಹೊಸದು ಹಾಕು!”

“ಹಾಕಿದ್ರೆ ಒಳಗಿರೋರು ಅಳಿಸಿಹೋಗ್ತಾರೆ.”

“ವಾಪಸ್ ತಗೋ. ಏನಾದ್ರೂ ಮಾಡು.”

“ಬೋರ್ಡ್ ತೆಗೆದಿದೀನಿ ಸಾರ್, ಬೇಕಾದ್ರೆ ತಗೋತೀನಿ. ಮಗು ತಂದುಕೊಡೋಕೆ ನನ್ನ ಕೈಲಾಗಲ್ಲ.”

ನಿಯಮ, ಕಲಮು, ದಾವೆ ಎಂದು ಹುಡುಕಿದರೆ ವಕೀಲನ ತಲೆಯಲ್ಲಿ ಏನೂ ಇರಲಿಲ್ಲ. ಕ್ಯಾಸೆಟ್ಟನ್ನು ಕಿವಿಗೊತ್ತಿಕೊಂಡ. ಟಕ್. ಬಹಳ ಹೊತ್ತಿನ ಮೇಲೆ, ಟಕ್.

ಆಗ ಅಜ್ಜನೊಬ್ಬ ಮೊಮ್ಮಗಳನ್ನು ಕರೆದುಕೊಂಡು ಒಳಗೆ ಬಂದ. ಮಗು ಮೂಗು ಮುಚ್ಚಿಕೊಂಡು, “ತಾತ, ಏನೋ ಸುಟ್ಟ ವಾಸನೆ,” ಎಂದಿತು.

ವಕೀಲ ಆ ಮಗುವನ್ನೇ ನೋಡಿದ. ಅವನ ಕೈ ತಾನಾಗಿ ತಲೆಗೆ ಹೋಯಿತು. ಹಿಡಿ ಕೂದಲು ಕಿತ್ತು ಕ್ಯಾಸೆಟ್ಟಿಗೆ ಸುತ್ತತೊಡಗಿತು.

“ಬೇಡ ಸಾರ್,” ಅಂಗಡಿಯವನು ಪಿಸುಗುಟ್ಟಿದ. “ನಿಮ್ಮ ಕಾಲಿಗೆ ಬೀಳ್ತೀನಿ.”

ವಕೀಲ ಮಂಡಿಯೂರಿ ಕೂತ. ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

“ಪಾಪು,” ಎಂದ, “ಈ ಆಟ ಆಡ್ತೀಯಾ?”