ಬಾವಿಯಿಂದ ಐವತ್ತಡಿ

ನಾನು ಹೇಳೋದ್ರಲ್ಲಿ ಒಂದೇ ಒಂದು ಮಾತು ಸುಳ್ಳಿದ್ರೆ ನಾಳೆ ಬೆಳಿಗ್ಗೆ ನನ್ನ ಮೀಸೆ ಕೊತ್ತಂಬರಿ ಸೊಪ್ಪಾಗ್ಲಿ. ಇದು ನಡೆದದ್ದೇ, ಕೊಡ್ಲಿಪೇಟೇಲೇ ನಡೆದದ್ದು. ಆಗ ಕೊಡಗು ಮೈಸೂರಿಗೆ ಸೇರಿರ್ಲಿಲ್ಲ. ನಮ್ಮದೇ ಬೇರೆ ರಾಜ್ಯ, ಸರ್ಕಾರ ಮಡಿಕೇರೀಲಿ.

ಚಲುವಿ ಸ್ಕೂಲಿಂದ ಬಂದು ನೋಡ್ತಾಳೆ, ಪಕ್ಕದ್ಮನೆ ವಿಮಲಮ್ಮ ಗುಂಡಿಯೊಳಗೆ ಕೂತ್ಬಿಟ್ಟಿದಾರೆ!

ಗುಂಡಿ ತೋಡಿದ್ದು ಚಲುವಿಯ ಅಪ್ಪ ಜವರಯ್ಯ. ಅಡುಗೆಮನೆ ಹಿಂದೆ, ಎರಡು ದಿನ ಬೆವರು ಸುರಿಸಿ ತೋಡಿದ್ದ. ವಿಮಲಮ್ಮ ಅದರ ತಳದಲ್ಲಿ ಮಣೆ ಹಾಕ್ಕೊಂಡು, ಮೊರ ಇಟ್ಕೊಂಡು, ಆರಾಮಾಗಿ ಅವರೆಕಾಯಿ ಬಿಡಿಸ್ತಾ ಇದ್ರು.

"ಅಕ್ಕಾ, ಮೇಲೆ ಬನ್ನಿ ಅಕ್ಕಾ," ಅಂತ ಅಪ್ಪ ಗುದ್ದಲಿ ಹಿಡ್ಕೊಂಡು ಬೇಡ್ತಿದ್ದ.

"ಪರ್ಮಿಟ್ ತೋರ್ಸು, ಬರ್ತೀನಿ."

"ಪರ್ಮಿಟ್ ಯಾಕಕ್ಕಾ? ಗುಂಡಿ ನನ್ನ ಜಾಗದಲ್ಲಿ ತಾನೇ ಇರೋದು?"

"ಬಾವಿ ನನ್ನ ಜಾಗದಲ್ಲಿದೆ ಕಣೋ! ನಿನ್ನ ಕಕ್ಕಸು ನೀರು ನನ್ನ ಬಾವಿಗೆ ಬರ್ಬೇಕಾ?"

ಈ ಕೊನೇ ಮಾತನ್ನ ವಿಮಲಮ್ಮ ಎಷ್ಟು ಜೋರಾಗಿ ಕೂಗಿದ್ರು ಅಂದ್ರೆ, ಶನಿವಾರಸಂತೆಗೆ ಹೊರಟಿದ್ದ ಬಸ್ಸು ತಾನಾಗೇ ನಿಂತ್ಕೊಂಡ್ತು. ಡ್ರೈವರ್ ಇಳಿದು ಬಂದು, "ಯಾರು ಕರೆದದ್ದು?" ಅಂತ ಕೇಳ್ದ.

ಜವರಯ್ಯ ಎಸ್ಟೇಟ್ ಬಂಗ್ಲೇಲಿ ಅಡುಗೆ ಮಾಡ್ತಿದ್ದ. ಅಲ್ಲಿ ಸೆಪ್ಟಿಕ್ ಟ್ಯಾಂಕ್ ಅಂತ ಒಂದು ಹೊಸ ವಸ್ತು ನೋಡಿದ್ದ. ಕಕ್ಕಸಿಂದ ಎಲ್ಲಾ ಹೋಗಿ ನೆಲದೊಳಗಿನ ತೊಟ್ಟೀಲಿ ಬೀಳುತ್ತೆ, ವಾಸನೆ ಇಲ್ಲ, ನೊಣ ಇಲ್ಲ. ಊರಲ್ಲಿ ಮಿಕ್ಕವರಿಗೆಲ್ಲ ಚೊಂಬು ಹಿಡ್ಕೊಂಡು ಕುರುಚಲು ಕಾಡೇ ಗತಿ.

ಅಪ್ಪನಿಗೆ ಅದು ಬೇಕಾಗಿದ್ದು ಷೋಕಿಗಲ್ಲ, ಅಜ್ಜಿಗೆ. ಮಳೆಗಾಲದಲ್ಲಿ ರಂಗಮ್ಮಜ್ಜಿ ಚೊಂಬು ಸಮೇತ ದಿಣ್ಣೆ ಮೇಲಿಂದ ಜಾರಿ ಬಿದ್ದು ಸೊಂಟ ನೋಯಿಸ್ಕೊಂಡಿದ್ರು. ಅವತ್ತಿಂದ ಕೋಲು ಹಿಡಿದೇ ನಡಿಗೆ.

ಶುಕ್ರವಾರ ಪಂಚಾಯ್ತಿಯೋರೇ ಹಿತ್ತಲಿಗೆ ಬಂದ್ರು. ಪ್ರೆಸಿಡೆಂಟ್ ಅಪ್ಪಯ್ಯನವರು ಮುಂದೆ, ಕಾಗದದ ಕಟ್ಟು ಹಿಡ್ಕೊಂಡು ಗುಮಾಸ್ತ ಹಿಂದೆ. ಗುಮಾಸ್ತ ಕನ್ನಡಕ ಏರಿಸಿ ಓದ್ದ:

"ಬಾವಿಗೂ ಟ್ಯಾಂಕಿಗೂ ಮಧ್ಯ ಐವತ್ತಡಿ ಇರ್ಬೇಕು. ಇದ್ರೆ ಪರ್ಮಿಟ್. ಇಲ್ದಿದ್ರೆ ಗುಂಡಿ ಮುಚ್ಬೇಕು."

"ಹಂಗಾದ್ರೆ ಟೇಪ್ ತೆಗಿ," ಅಂದ್ರು ಅಪ್ಪಯ್ಯ.

"ಟೇಪನ್ನ ಇಲಿ ತಿಂದಿದೆ, ಸರ್."

"ಸರಿ ಬಿಡು, ಮಾರು ಹಾಕಿ ಅಳೀರಿ. ಎರಡು ಕೈ ಚಾಚಿದ್ರೆ ಒಂದು ಮಾರು, ಆರಡಿ. ಒಂಬತ್ತು ಮಾರು ಬಂದ್ರೆ ಸಾಕು."

ಎರಡೂ ಮನೆಯೋರು ಇದಕ್ಕೇ ಕಾಯ್ತಿದ್ರು ಅಂತ ಕಾಣುತ್ತೆ.

ಜವರಯ್ಯ ಓಡಿಹೋಗಿ ಪುಟ್ಟರಾಜುನ ಕರ್ಕೊಂಡು ಬಂದ. ಪುಟ್ಟರಾಜುವಿನ ಕೈ ಎಷ್ಟು ಗಿಡ್ಡ ಅಂದ್ರೆ, ಅಂಗಿ ಗುಂಡಿ ಹಾಕೋಕೆ ಹೆಂಡತೀನ ಕೂಗ್ಬೇಕು. ಅವನು ಹಗ್ಗದ ಮೇಲೆ ಮಾರು ಹಾಕ್ತಾ ಬಾವಿಯಿಂದ ಗುಂಡಿಗೆ ಬಂದು, "ಹನ್ನೆರಡು ಮಾರು!" ಅಂದ.

"ತಡೀರಿ ತಡೀರಿ," ಅಂತ ವಿಮಲಮ್ಮ ದೇರಪ್ಪನನ್ನ ಕರೆಸಿದ್ರು. ದೇರಪ್ಪ ನಿಂತಲ್ಲೇ ಬಗ್ಗದೆ ಕಾಲ್ಬೆರಳು ಕೆರ್ಕೊಳ್ಳೋ ಆಸಾಮಿ. ಕಿತ್ತಳೆ ಕೀಳೋಕೆ ಏಣಿ ಬೇಡ, ಒಂದು ಮರದಡಿ ನಿಂತೇ ಪಕ್ಕದ ಮರದ್ದೂ ಕೀಳ್ತಾನೆ. ಅವನು ಬಾವಿ ಹತ್ರ ಒಂದ್ಸಲ ಕೈ ಚಾಚಿದ್ದಕ್ಕೆ ಎರಡು ಕೋಳಿ, ಒಂದು ಒಣಗಾಕಿದ್ದ ಪಂಚೆ, ಗುಮಾಸ್ತನ ಕನ್ನಡಕ ಎಲ್ಲಾ ಉದುರಿಹೋದ್ವು.

"ಆರು ಮಾರು!"

"ಹನ್ನೆರಡು!"

"ಆರು ಕಣಯ್ಯ, ಮೋಟುಗೈಯೋನೇ!"

"ನಿಂದು ಕೈಯೋ ಟೆಲಿಫೋನ್ ಕಂಬವೋ?"

ಪಂಚಾಯ್ತಿ ಹೋಗಿ ಸಂತೆಯಾಯ್ತು. ಅಪ್ಪಯ್ಯನವರು ಜಗಲೀಲಿ ಕೂತು ತಲೆ ಹಿಡ್ಕೊಂಡ್ರು.

ಚಲುವಿ ಮೆಲ್ಲಗೆ ಹೋಗಿ, "ಪ್ರೆಸಿಡೆಂಟ್ರೇ, ನಮ್ಮ ಮೇಷ್ಟ್ರ ಹತ್ರ ಸ್ಕೇಲಿದೆ," ಅಂದ್ಲು. "ಒಂದಡಿದು. ಹಗ್ಗದ ಮೇಲೆ ಐವತ್ತು ಸಲ ಇಟ್ರೆ ಐವತ್ತಡಿ ಆಗುತ್ತಲ್ವಾ?"

"ಓಡು ಮಗಾ, ತಗೊಂಬಾ!"

ಆ ಸ್ಕೇಲು ಅಳೆದದ್ದು ಕಮ್ಮಿ, ಮಕ್ಕಳ ಅಂಗೈಗೆ ಬಿದ್ದದ್ದೇ ಜಾಸ್ತಿ. ಅದು ಕೈಗೆ ಸಿಕ್ಕಿದಾಗ ಚಲುವಿಗೆ ತಾನೇ ಮೇಷ್ಟ್ರಾದಂಗೆ ಅನ್ನಿಸ್ತು. ವಿಮಲಮ್ಮ ಬಾವಿಯ ಹಗ್ಗ ಬಿಚ್ಚಿಕೊಟ್ರು. ಇನ್ನೊಂದು ಹಗ್ಗ ಸೇರಿಸಿ ಗಂಟು ಹಾಕಿ, ನೆಲದ ಮೇಲೆ ಎಳೆದು, ಚಲುವಿ ಬಗ್ಗಿ ಎಣಿಸೋಕೆ ಕೂತ್ಲು.

ಅಪ್ಪ ಬಂದು ಪಕ್ಕದಲ್ಲಿ ಕೂತ. ಕಿವೀಲಿ ಪಿಸುಗುಟ್ದ, "ಎಣಿಸೋವಾಗ ಒಂದೆಂಟು ಹಾರ್ಸಿಬಿಡಮ್ಮ. ಅಜ್ಜಿಗೋಸ್ಕರ."

ಚಲುವಿ ಕೈ ನಿಂತ್ಕೊಂಡ್ತು. ಜಗಲೀಲಿ ಅಜ್ಜಿ ಕೋಲಿನ ಮೇಲೆ ಗದ್ದ ಇಟ್ಕೊಂಡು ನೋಡ್ತಾ ಇದ್ರು. ಎಂಟು ಹಾರ್ಸೋದೇನು ಕಷ್ಟ? ಮೂವತ್ತಾದ್ಮೇಲೆ ಮೂವತ್ತೊಂಬತ್ತು ಅಂದ್ರೆ ಆಯ್ತು.

ಆದ್ರೆ ಅಜ್ಜಿ ಕುಡಿಯೋ ನೀರೂ ಅದೇ ಬಾವೀದು.

"ಮೂವತ್ತು... ಮೂವತ್ತೊಂದು," ಅಂದ್ಲು ಚಲುವಿ. ಅಪ್ಪ ಎದ್ದು ಆ ಕಡೆ ಹೋದ.

ಐವತ್ತಕ್ಕೆ ಗಂಟು ಹಾಕಿ ಬಾವಿಯಿಂದ ಎಳೆದ್ರು. ಹಗ್ಗ ಗುಂಡಿ ಹತ್ರ ಬಂತು, ಗುಂಡಿ ದಾಟ್ತು, ಹಿಂದಿನ ಬಾಗಿಲಲ್ಲಿ ಒಳಗೆ ಹೋಯ್ತು, ಕೊನೆಗೆ ಅವ್ವ ಕಾಫಿ ಕಾಯಿಸ್ತಿದ್ದ ಒಲೆ ಮುಂದೆ ನಿಂತ್ಕೊಂಡ್ತು.

ಅಪ್ಪಯ್ಯನವರು ಒಳಗೆ ಇಣುಕಿ ನೋಡಿ, "ಏನಯ್ಯ ಜವರಯ್ಯ, ಒಲೆ ಮೇಲೆ ಕಕ್ಕಸು ಕಟ್ತೀಯಾ?" ಅಂದ್ರು.

"ಹಂಗೇನಾದ್ರೂ ಮಾಡಿದ್ರೆ ನಂಗೆ ಊಟಾನೇ ಬೇಡಪ್ಪೋ!" ಅಂದ್ರು ಅಜ್ಜಿ.

ಎಲ್ಲರೂ ನಕ್ರು. ಅಪ್ಪ ಮಾತ್ರ ನಗ್ಲಿಲ್ಲ. ಗುದ್ದಲಿ ತಗೊಂಡು ಗುಂಡಿಗೆ ಮಣ್ಣು ಎಳೆಯೋಕೆ ಶುರು ಮಾಡ್ದ. ಪರ್ಮಿಟ್ ಇಲ್ಲ ಅಂತ ಬಾಯ್ಬಿಟ್ಟು ಹೇಳೋ ಅಗತ್ಯಾನೇ ಇರ್ಲಿಲ್ಲ.

ಅವ್ವ ಎಲ್ಲರಿಗೂ ಬೆಲ್ಲದ ಕಾಫಿ ತಂದ್ಲು. ಅಜ್ಜಿ ಲೋಟ ಮುಟ್ಲಿಲ್ಲ. ಅಜ್ಜಿ ಕಾಫಿ ಬಿಟ್ಟು ಮೂರು ತಿಂಗಳಾಗಿತ್ತು, ನೀರೂ ಗುಟುಕು ಗುಟುಕೇ. ಕುಡಿದ್ರೆ ಹೋಗ್ಬೇಕಾಗುತ್ತಲ್ಲ, ಹೋಗೋದೆಲ್ಲಿಗೆ?

ಚಲುವಿ ಲೋಟ ಎತ್ತೋಕೆ ಬಂದ್ಲು. ನೋಡಿದ್ರೆ ವಿಮಲಮ್ಮನ ಲೋಟಾನೂ ತುಂಬಿ ಹಂಗೇ ಇದೆ!

"ಅತ್ತೆ, ನೀವೂ ಕಾಫಿ ಬಿಟ್ರಾ? ಬೇಜಾರಾ ನಮ್ಮ ಮೇಲೆ?"

"ಬೇಜಾರೇನಿಲ್ಲ ಕಣೆ." ವಿಮಲಮ್ಮ ಸೆರಗು ಸರಿ ಮಾಡ್ಕೊಂಡ್ರು. "ಕತ್ತಲಾಗೋಕೆ ಇನ್ನೂ ಎಷ್ಟು ಹೊತ್ತಿದೆ ನೋಡು."

ಆ ಮಾತು ಕೇಳಿಸಿದ್ದು ಇಬ್ಬರಿಗೆ, ಚಲುವಿಗೆ ಮತ್ತೆ ಅಜ್ಜಿಗೆ. ಅಜ್ಜಿ ವಿಮಲಮ್ಮನ ಮುಖ ನೋಡಿದ್ರು ಅಷ್ಟೇ.

ವಿಮಲಮ್ಮ ದಡಕ್ಕನೆ ಎದ್ದು, ಒಲೆ ಮುಂದಿದ್ದ ಹಗ್ಗದ ತುದಿ ಎಳ್ಕೊಂಡು, ಬೇಲಿ ದಾಟಿ ತಮ್ಮ ಹಿತ್ತಲಿಗೇ ನುಗ್ಗಿದ್ರು. ಹಗ್ಗ ಬಾವಿಯ ಸುತ್ತ ತಿರುಗ್ತು. ಇಳಿಜಾರಿನ ಕೆಳಗೆ, ಅವರ ಗೆಣಸಿನ ಪಾತಿ ನಡುವೆ ಬಿಗಿಯಾಗಿ ನಿಂತ್ಕೊಂಡ್ತು.

"ಪ್ರೆಸಿಡೆಂಟ್ರೇ, ಇಲ್ಲಿ ಐವತ್ತಾಯ್ತಾ?"

"ಆಯ್ತಮ್ಮ. ಬಾವಿಗಿಂತ ತಗ್ಗಲ್ಲೂ ಇದೆ. ಆದ್ರೆ ಅದು ನಿನ್ನ ಜಾಗ ಅಲ್ವಾ?"

"ಗೆಣಸು ಹೋದ್ರೆ ಹೋಗ್ಲಿ. ಜವರಾ! ಮಣ್ಣೆಳೆಯೋದು ನಿಲ್ಸಿ ಇಲ್ಲಿಗೆ ಬಾ. ಇಲ್ಲಿ ತೋಡು. ಆದ್ರೆ ಒಂದು ಕಂಡೀಷನ್ನು: ಬಾಗಿಲಿನ ಬೀಗದ ಕೈ ಎರಡಿರ್ಬೇಕು. ಒಂದು ನಂಗೆ."

ಪರ್ಮಿಟ್ ಎರಡು ಹೆಸರಲ್ಲಿ ಬಂತು. ಪುಟ್ಟರಾಜು ಒಳಗೆ ಇಳಿದು ತೋಡ್ದ. ದೇರಪ್ಪ ಮೇಲೆ ನಿಂತಲ್ಲೇ ಕೈ ಇಳಿಸಿ ಮಣ್ಣು ಎತ್ತಿ ಎತ್ತಿ ಹಾಕ್ದ. ತಿಂಗಳೊಳಗೆ ಹೆಂಚು ಹೊದ್ದ ಪುಟ್ಟ ಕಕ್ಕಸು ಎದ್ದು ನಿಂತ್ಕೊಂಡ್ತು.

ಒಂದಿನ ಚಲುವಿ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದ್ಲು. ಬಿಸಿಲು ಚುರುಚುರು ಅಂತಿತ್ತು. ಜಗಲೀಲಿ ಅಜ್ಜಿ, ವಿಮಲಮ್ಮ ಇಬ್ಬರೂ ದೊಡ್ಡ ದೊಡ್ಡ ಲೋಟದಲ್ಲಿ ಮಜ್ಜಿಗೆ ಕುಡೀತಾ ಯಾರದ್ದೋ ಮದುವೆ ಮಾತಾಡ್ತಿದ್ರು. ನಡುವೆ ಅಜ್ಜಿ, "ಬಂದೆ ಇರು," ಅಂತ ಕೋಲೂರಿಕೊಂಡು ಗೆಣಸಿನ ಪಾತಿ ಕಡೆ ಹೊರಟ್ರು. ಅವಸರ ಇಲ್ಲ, ಹೆದರಿಕೆ ಇಲ್ಲ, ಯಾರಾದ್ರೂ ನೋಡ್ತಾರಾ ಅಂತ ಆಕಡೆ ಈಕಡೆ ತಿರುಗೋದೂ ಇಲ್ಲ.

ಚಲುವಿ ಅಲ್ಲೇ ನಿಂತ್ಲು. ಅವಳು ಹುಟ್ಟಿದಾಗಿಂದ ಇಷ್ಟು ಬೆಳಕಲ್ಲಿ ಅಜ್ಜಿ ಹಿಂಗೆ ಎದ್ದು ಹೋಗಿದ್ದನ್ನ ನೋಡೇ ಇರ್ಲಿಲ್ಲ. ಅವ್ವನೂ ಅಷ್ಟೇ, ವಿಮಲತ್ತೇನೂ ಅಷ್ಟೇ. ದಿನಾ ಇವರೆಲ್ಲ ಸೂರ್ಯ ಮುಳುಗೋದನ್ನ ಕಾಯ್ತಾ ಇದ್ರು, ಅದು ಗೊತ್ತೇ ಆಗ್ದೆ ಅವಳು ಅಂಗಳದಲ್ಲೇ ಆಡ್ತಾ ಇದ್ಲು.

ಅವಳು ಬಾವಿಗೆ ಹೋಗಿ, ಬಿಂದಿಗೆ ತುಂಬಿಸಿ, ಕಕ್ಕಸಿನ ಬಾಗಿಲ ಹತ್ರ ಇಟ್ಟು, ಊಟಕ್ಕೆ ಕೂತ್ಲು.

ಇಷ್ಟೇ ಕತೆ. ನಂಬ್ತೀರೋ ಬಿಡ್ತೀರೋ ಆಮೇಲೆ ಜಗಳ ಆಡೋಣ. ಈಗ ಯಾರಾದ್ರೂ ಒಬ್ರು ಬೇಗ ಎದ್ದು ನಂಗೊಂದು ಬಕೆಟ್ ನೀರು ತಂದುಕೊಡಿ. ಕತೆ ಶುರು ಮಾಡಿದಾಗಿಂದ ತಡ್ಕೊಂಡು ಕೂತಿದೀನಿ!